ಜರ್ಮನ್‌ನಲ್ಲಿ ಇಲ್ಲದ ಹಸು

ಪ್ರೆಸ್ಸಿನ ಕೆಲಸಕ್ಕೆ ಹೊಸದಾಗಿ ಸೇರುವವರು ಸಿಕ್ಕಿದಾಗಲೆಲ್ಲ ನನ್ನನ್ನು ಮೆಷಿನ್ನಿನ ಬಗ್ಗೆ, ಕಾಗದದ ಬಗ್ಗೆ, ಬಣ್ಣದ ಬಗ್ಗೆ ಕೇಳುತ್ತಾರೆ. ಅವನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಕಷ್ಟದ ವಿದ್ಯೆ ಬೇರೆ ಇದೆ. ಒಂದಕ್ಷರವೂ ಬಾರದ ಭಾಷೆಯ ಪುಟವನ್ನು ಕೈಯಲ್ಲಿ ಹಿಡಿದು, ಗಿರಾಕಿಯ ಮುಂದೆ ಗಂಭೀರವಾಗಿ ತಲೆಯಾಡಿಸುವುದು. ಮಸ್ಕತ್ತಿನಲ್ಲಿ ಇದ್ದಷ್ಟು ಕಾಲ ನಾನು ಬಹುಪಾಲು ಮಾಡಿದ್ದು ಅದನ್ನೇ.

ಮೈಸೂರಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಶುರು ಮಾಡಿದವನು ನಾನು, ಶ್ರೀಪತಿ. ಆಮೇಲೆ ಮೊಳೆ ಹೋಗಿ ಫಿಲ್ಮ್ ಬಂತು, ಫಿಲ್ಮ್ ಹೋಗಿ ಕಂಪ್ಯೂಟರ್ ಬಂತು. ಮೊಳೆಯ ಕಾಲದಲ್ಲಿ ತಪ್ಪು ಮಾಡಿದರೆ ಬೆರಳಿಗೆ ಗೊತ್ತಾಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಗಿರಾಕಿಯ ಮುಖದಲ್ಲಿ ಗೊತ್ತಾಗತೊಡಗಿತು. ನನಗೆ ಯಾವ ವರ್ಷ ಬಡ್ತಿ ಬಂತು, ಯಾವ ವರ್ಷ ಬರಲಿಲ್ಲ ಎಂಬುದು ನನ್ನ ಹೆಂಡತಿಗೇ ಮರೆತುಹೋಗಿದೆ, ನಿಮಗೇಕೆ ಹೇಳಲಿ? ಎರಡು ಸಾವಿರದ ಇಸವಿಯ ನಂತರದ ದಶಕದಲ್ಲಿ ನಾವು ಮಾಡಿದ ಒಂದು ಪುಸ್ತಕದ ಕಥೆ ಹೇಳುತ್ತೇನೆ. ಈ ಕೆಲಸದಲ್ಲಿ ಕಲಿಯಬೇಕಾದದ್ದೆಲ್ಲ ಅದೊಂದರಲ್ಲೇ ಇದೆ.

ನಮ್ಮ ಪ್ರೆಸ್ ಮಸ್ಕತ್ತಿನ ವಾದಿ ಕಬೀರ್‌ನಲ್ಲಿ, ಎರಡು ಗ್ಯಾರೇಜುಗಳ ನಡುವೆ ಇತ್ತು. ಪಕ್ಕದವನು ಹಾರ್ನ್ ಪರೀಕ್ಷಿಸಿದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಸರಿದು ದಾರಿ ಬಿಡುತ್ತಿದ್ದರು. ಪುಟ ಕಟ್ಟುವ ವಿಭಾಗ ನನ್ನದು. ಅಚ್ಚಿನ ಮೆಷಿನ್ ಮೂಲ್ಕಿಯ ಜಗನ್ನಾಥನದು. ಮನೆಮಾತು ತುಳು, ನನ್ನೊಡನೆ ಕನ್ನಡ, ಮೆಷಿನ್ನಿನೊಡನೆ ಮತ್ತೆ ತುಳು. ಅರಬ್ಬಿ ಪುಟಗಳನ್ನು ನೋಡಿಕೊಳ್ಳುತ್ತಿದ್ದವರು ಈಜಿಪ್ಟಿನ ಫತ್ಹಿ. ನಮ್ಮೆಲ್ಲರ ಮೇಲೆ ಮ್ಯಾನೇಜರ್ ಕುರಿಯನ್ ಸಾಹೇಬರು. ಅವರ ಮಾತು ಇಂಗ್ಲಿಷ್, ಹಿಂದಿ, ಮಲಯಾಳಂ ಮೂರೂ ಬೆರೆತದ್ದು. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಹೆದರಿಕೆ ಅವರ ಹುಟ್ಟುಗುಣ. ಫೋನ್ ರಿಂಗಾದರೆ ಮೊದಲು ಗ್ಯಾಸ್ಟ್ರಿಕ್ ಮಾತ್ರೆ ಚೀಪಿ, ಆಮೇಲೆ ಹಲೋ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಎಲ್ಸಾ ಬಂದರು. ಎಪ್ಪತ್ತು ದಾಟಿದ ಹೆಂಗಸು, ವಿಯೆನ್ನಾದಲ್ಲಿ ಪಿಯಾನೊ ಕಲಿಸಿ ನಿವೃತ್ತರಾದವರು. ಮಗ ಮಸ್ಕತ್ತಿನಲ್ಲಿ ಎಂಜಿನಿಯರ್. ಅಲ್ ಅಜೈಬಾದಲ್ಲಿ ಅವನ ಮನೆಯಲ್ಲಿ ಇದ್ದರು. ತಲೆಯ ಮೇಲೆ ಛತ್ರಿಯಷ್ಟು ಅಗಲದ ಹುಲ್ಲಿನ ಟೋಪಿ, ಕೈಯಲ್ಲಿ ಒಂದು ಸಿಡಿ.

"ಇದರಲ್ಲಿ ನನ್ನ ಅಜ್ಜ ಇದ್ದಾರೆ," ಎಂದು ಸಿಡಿಯನ್ನು ಕುರಿಯನ್ ಸಾಹೇಬರ ಮೇಜಿನ ಮೇಲಿಟ್ಟರು. ಸಾಹೇಬರು ಮಾತ್ರೆಯ ಡಬ್ಬಿಗೆ ಕೈ ಹಾಕಿದರು.

ಅಜ್ಜ ವೃತ್ತಿಯಿಂದ ಗಡಿಯಾರ ರಿಪೇರಿಯವರು, ಚಟದಿಂದ ಕಥೆಗಾರರು. ಯೆಹೂದ್ಯರು. ಆಸ್ಟ್ರಿಯಾ-ಹಂಗೇರಿಯ ಚಕ್ರವರ್ತಿಯ ರಾಜ್ಯದ ಪೂರ್ವದ ಅಂಚಿನಲ್ಲಿ, ಬುಕೊವಿನಾ ಎಂಬ ಸೀಮೆಯ ಚಿಕ್ಕ ಪಟ್ಟಣದಲ್ಲಿದ್ದವರು. ಅದೇ ಕಥೆಗಳನ್ನು ಎರಡೆರಡು ಸಲ ಬರೆದಿದ್ದರು: ಪತ್ರಿಕೆಗೆ ಜರ್ಮನ್‌ನಲ್ಲಿ, ಮನೆಯವರಿಗೆ ಯಿಡ್ಡಿಷ್‌ನಲ್ಲಿ. ಯಿಡ್ಡಿಷ್ ಅಲ್ಲಿನ ಯೆಹೂದ್ಯರ ಮನೆಮಾತು. ಬರೆಯುವುದು ಹೀಬ್ರೂ ಅಕ್ಷರದಲ್ಲಿ, ಬಲದಿಂದ ಎಡಕ್ಕೆ. ಎಲ್ಸಾ ಅವರಿಗೆ ಎರಡೂ ಒಂದೇ ಪುಸ್ತಕದಲ್ಲಿ ಬೇಕಾಗಿತ್ತು. ಎಡದಿಂದ ತೆರೆದರೆ ಜರ್ಮನ್, ಬಲದಿಂದ ತೆರೆದರೆ ಯಿಡ್ಡಿಷ್.

"ವಿಯೆನ್ನಾದಲ್ಲಿ ಯಾಕೆ ಮಾಡಿಸಲಿಲ್ಲ, ಮೇಡಂ?" ಎಂದೆ.

"ಅಲ್ಲಿ ಎರಡು ಕಡೆಯಿಂದ ತೆರೆಯುವ ಪುಸ್ತಕ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ನಿಮ್ಮ ಊರಿನಲ್ಲಿ ಸ್ಯಾಂಡ್‌ವಿಚ್ ಅಂಗಡಿಯ ಮೆನು ಕೂಡ ಎರಡು ಕಡೆಯಿಂದ ತೆರೆಯುತ್ತದೆ."

ಅದು ನಿಜ. ಅರಬ್ಬಿ ಒಂದು ಕಡೆ, ಇಂಗ್ಲಿಷ್ ಇನ್ನೊಂದು ಕಡೆ ಕಟ್ಟುವುದು ನಮಗೆ ಉಗುರು ಕತ್ತರಿಸಿದಷ್ಟೇ ಸಲೀಸು. ಒಪ್ಪಿಕೊಂಡೆವು.

ಮೊದಲ ಎಡವಟ್ಟು ಕೂಡಲೇ ಆಯಿತು. ಸಿಡಿಯಲ್ಲಿದ್ದ ಯಿಡ್ಡಿಷ್ ಪುಟಗಳನ್ನು ನಮ್ಮ ಕಂಪ್ಯೂಟರ್ ತೆರೆಯಿತು. ನೋಡಲು ಚೆನ್ನಾಗಿಯೇ ಇತ್ತು. ನಾನು ತಲೆಯಾಡಿಸಿದೆ. ಫತ್ಹಿ ಬಂದು ನೋಡಿ, ಗಡ್ಡ ಕೆರೆದುಕೊಂಡರು.

"ಇದರಲ್ಲಿ ಪೂರ್ಣವಿರಾಮ ವಾಕ್ಯದ ಮೊದಲಿಗೇ ಬರುತ್ತದೆ. ಮುಗಿಸಿ ಆಮೇಲೆ ಶುರು ಮಾಡುತ್ತಾರಾ ಈ ಜನ?"

"ಹಳೆಯ ಭಾಷೆ. ಹಳಬರಿಗೆ ಹಾಗೇ ಅಭ್ಯಾಸ ಇರಬಹುದು," ಎಂದರು ಕುರಿಯನ್ ಸಾಹೇಬರು.

ನಮಗೂ ಸರಿಯೆನಿಸಿತು. ಎಲ್ಸಾ ಬಂದು ಕರಡಿನ ಮೊದಲ ಸಾಲನ್ನು ಓದಲು ಹೋದರು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಟೋಪಿ ತೆಗೆದರು. ಆಮೇಲೆ ಕುರ್ಚಿ ಅಲುಗುವ ಹಾಗೆ ನಗತೊಡಗಿದರು.

"ನಿಮ್ಮ ಊರು ಯಾವುದು?" ಎಂದು ನನ್ನನ್ನು ಕೇಳಿದರು.

"ಮೈಸೂರು."

"ನಿಮ್ಮ ಯಂತ್ರ ಅದನ್ನು ರುಸೂಮೈ ಮಾಡಿದೆ. ಇಡೀ ಪುಸ್ತಕ ಹೀಗೇ ಇದೆ. ನನ್ನ ಅಜ್ಜ ತಲೆ ಕೆಳಗೆ ಮಾಡಿ ನಡೆಯುತ್ತಿದ್ದಾರೆ!"

ಕಂಪ್ಯೂಟರ್ ಪ್ರತಿ ಸಾಲನ್ನೂ ತಿರುವುಮುರುವು ಮಾಡಿತ್ತು. ಫತ್ಹಿ ಅವರು ಅರಬ್ಬಿಯ ಸಾಫ್ಟ್‌ವೇರ್‌ಗೆ ಹಾಕಿ ಸರಿಪಡಿಸಿದರು. ಜಗನ್ನಾಥ ಮಾತ್ರ ಸರಿಹೋಗಲಿಲ್ಲ. ಬಹಳ ದಿನ ಮ್ಯಾನೇಜರನ್ನು ನಯರಿಕು ಸಾಹೇಬ್ರು ಎಂದೇ ಕರೆಯುತ್ತಿದ್ದ. ಅದು ತುಳುವಿನಲ್ಲಿ ಗೌರವದ ಮಾತಿರಬೇಕು ಎಂದು ಸಾಹೇಬರು ಸುಮ್ಮನಿದ್ದರು.

ಹೊಸಬರಿಗೆ ನನ್ನ ಸಲಹೆ ಇದೇ: ನಿಮಗೆ ಬಾರದ ಭಾಷೆಯನ್ನು ಅಚ್ಚು ಹಾಕುವಾಗ, ಆ ಭಾಷೆಯಲ್ಲಿ ಬೈಯಬಲ್ಲ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎಲ್ಸಾ ಪಕ್ಕದಲ್ಲಿ ಕೂತರು. ದಿನವೂ ಬಂದು ಕರಡು ತಿದ್ದುತ್ತಿದ್ದರು. ಆದರೆ ಎರಡು ಪುಟ ಓದುವಷ್ಟರಲ್ಲಿ ನಗು ಬಂದು ಕೆಲಸ ನಿಲ್ಲುತ್ತಿತ್ತು. ಏನೆಂದು ನಾವು ಕೇಳಿದರೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಜಗನ್ನಾಥ ಮೆಷಿನ್ ಆರಿಸಿ ಬರುತ್ತಿದ್ದ.

ಒಂದು ಕಥೆಯಲ್ಲಿ ಜೆಲಿಗ್ ಎಂಬ ದರ್ಜಿಯ ಮನೆಗೆ ಸರ್ಕಾರದ ಗಣತಿಯವನು ಬರುತ್ತಾನೆ. "ನೀನು ದಿನನಿತ್ಯ ಆಡುವ ಭಾಷೆ ಯಾವುದು?" ಎಂದು ಕೇಳುತ್ತಾನೆ. ಜೆಲಿಗ್ ಹೇಳುತ್ತಾನೆ: "ಸ್ವಾಮಿ, ಹೆಂಡತಿಯ ಜೊತೆ ಯಿಡ್ಡಿಷ್. ಕಂದಾಯದವರ ಜೊತೆ ಜರ್ಮನ್. ಮನೆ ಮಾಲೀಕನ ಜೊತೆ ರುಮೇನಿಯನ್. ದೇವರ ಜೊತೆ ಹೀಬ್ರೂ. ಹಸುವಿನ ಜೊತೆ ಉಕ್ರೇನಿಯನ್, ಯಾಕೆಂದರೆ ಅದನ್ನು ಕೊಂಡದ್ದು ಅವರಿಂದ." ಅಧಿಕಾರಿ ಹೇಳುತ್ತಾನೆ: "ಒಂದೇ ಭಾಷೆ ಬರೆಯಬೇಕು. ಯಿಡ್ಡಿಷ್ ಮಾತ್ರ ಬರೆಯುವ ಹಾಗಿಲ್ಲ, ಅದು ಭಾಷೆಗಳ ಪಟ್ಟಿಯಲ್ಲೇ ಇಲ್ಲ." ಜೆಲಿಗ್ ಯೋಚಿಸಿ, "ಹಾಗಾದರೆ ಹಸುವಿನದನ್ನೇ ಬರೆದುಕೊಳ್ಳಿ. ಈ ಮನೆಯಲ್ಲಿ ನಾನು ಹೇಳಿದ್ದನ್ನು ಕೇಳುವುದು ಅದೊಂದೇ," ಎನ್ನುತ್ತಾನೆ.

ಜಗನ್ನಾಥ ನೆಲದ ಮೇಲೆ ಕೂತುಬಿಟ್ಟ. "ಇವ ನಮ್ಮ ಊರಿನವನೇ ಮಾರಾಯ್ರೆ! ಹಸುವಿನತ್ರ ಬೇರೆ ಭಾಷೆ ಮಾತಾಡುದು ಅಂದ್ರೆ ಖಂಡಿತ ಮೂಲ್ಕಿ ಕಡೆಯವ."

"ಆ ಭಾಷೆ ಪಟ್ಟಿಯಲ್ಲಿ ಇರಲಿಲ್ಲ ಎಂಬುದು ನಿಜವೇ?" ಎಂದು ನಾನು ಎಲ್ಸಾ ಅವರನ್ನು ಕೇಳಿದೆ.

"ನಿಜ. ಲಕ್ಷಗಟ್ಟಲೆ ಜನ ಆಡುತ್ತಿದ್ದರು. ಸರ್ಕಾರಕ್ಕೆ ಮಾತ್ರ ಕೇಳಿಸುತ್ತಿರಲಿಲ್ಲ."

ಆ ಕಾಲದಲ್ಲಿ ಅವರ ಊರಿನಲ್ಲಿ ಪ್ರತಿಯೊಂದು ಜನಾಂಗವೂ ಸಂಘ ಕಟ್ಟತೊಡಗಿತ್ತಂತೆ. ಜರ್ಮನ್ನರಿಗೊಂದು, ರುಮೇನಿಯನ್ನರಿಗೊಂದು, ಉಕ್ರೇನಿಯನ್ನರಿಗೊಂದು. ಪ್ರತಿ ಸಂಘಕ್ಕೂ ಒಂದು ಬಾವುಟ, ಒಂದು ಬ್ಯಾಂಡು, ಒಂದು ವ್ಯಾಯಾಮ ಶಾಲೆ. ಅಜ್ಜ ಜರ್ಮನ್‌ನಲ್ಲಿ ಬರೆದರೆ ಜರ್ಮನ್ನರು "ನೀನು ಯೆಹೂದ್ಯ" ಎಂದರು. ಯಿಡ್ಡಿಷ್‌ನಲ್ಲಿ ಬರೆದರೆ ಯೆಹೂದ್ಯ ಪಂಡಿತರೇ "ಇದು ಅಡಿಗೆಮನೆಯ ಭಾಷೆ, ಹೀಬ್ರೂವಿನಲ್ಲಿ ಬರಿ" ಎಂದರು.

"ನಮ್ಮಲ್ಲೂ ಹಾಗೇ ಅಲ್ವಾ?" ಎಂದ ಜಗನ್ನಾಥ ನನ್ನ ಕಡೆ ತಿರುಗಿ. "ಮಸ್ಕತ್ತಿನಲ್ಲಿ ಊರಿಗೊಂದು ಸಂಘ, ಸಂಘಕ್ಕೊಂದು ಥ್ರೋಬಾಲ್ ಟೀಮು. ಕನ್ನಡದವರ ಕಾರ್ಯಕ್ರಮಕ್ಕೆ ಹೋದ್ರೆ ನನ್ನನ್ನು ತುಳುವಿನವ ಅಂತಾರೆ. ತುಳುವಿನವರತ್ರ ಹೋದ್ರೆ, ನೀನು ಆ ಕನ್ನಡದ ಶ್ರೀಪತಿಯ ಒಟ್ಟಿಗೆ ಇರುವವ ಅಲ್ವಾ ಅಂತಾರೆ. ಊಟಕ್ಕೆ ಮಾತ್ರ ಎರಡೂ ಕಡೆ ಕರೀತಾರೆ."

"ಹಾಗಾದ್ರೆ ನಿನಗೇನಪ್ಪಾ ನಷ್ಟ?" ಎಂದೆ.

"ಈ ಹೊಟ್ಟೆ," ಎಂದು ಡೊಳ್ಳು ತಟ್ಟಿ ತೋರಿಸಿದ.

ಅಷ್ಟರಲ್ಲಿ ಕುರಿಯನ್ ಸಾಹೇಬರಿಗೆ ಒಂದು ವಿಷಯ ಹೊಳೆಯಿತು. ಪುಸ್ತಕ ಅಚ್ಚಾಗುವ ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ಅರಬ್ ದೇಶದ ಕಚೇರಿಗೆ ಹೀಬ್ರೂ ಅಕ್ಷರದ ಪುಟಗಳನ್ನು ಹಿಡಿದುಕೊಂಡು ಹೋಗುವವರು ಯಾರು? ಯಾರೂ ಏನೂ ಹೇಳಿರಲಿಲ್ಲ. ಸಾಹೇಬರು ತಾವೇ ಊಹಿಸಿಕೊಂಡು ಬೆವತರು. ಅವರ ಲೆಕ್ಕದಲ್ಲಿ ಮೊದಲು ಅವರ ವೀಸಾ ಹೋಗುತ್ತದೆ, ಆಮೇಲೆ ನನ್ನದು, ಆಮೇಲೆ ಜಗನ್ನಾಥನದು, ಕೊನೆಗೆ ಪಕ್ಕದ ಗ್ಯಾರೇಜಿನವನದು.

"ಮೇಡಂ, ಜರ್ಮನ್ ಅರ್ಧ ಸಾಕು," ಎಂದರು. "ಕಥೆಗಳು ಹೇಗೂ ಅವೇ ಅಲ್ಲವೇ? ಇನ್ನೊಂದು ಅರ್ಧವನ್ನು ಈಗ ಓದುವವರಾದರೂ ಯಾರಿದ್ದಾರೆ?"

ಎಲ್ಸಾ ಮೊದಲ ಬಾರಿಗೆ ನಗಲಿಲ್ಲ. "ಕಥೆಗಳು ಅವೇ ಅಲ್ಲ. ಜರ್ಮನ್‌ನಲ್ಲಿ ಹಸು ಇಲ್ಲ."

"ಅಂದರೆ?"

"ಗಣತಿಯವನು ಕೇಳುತ್ತಾನೆ. ಜೆಲಿಗ್ ಟೋಪಿ ತೆಗೆದು 'ಜರ್ಮನ್, ಸ್ವಾಮಿ' ಎನ್ನುತ್ತಾನೆ. ಮುಗಿಯಿತು. ಪತ್ರಿಕೆಯಲ್ಲಿ ಅಷ್ಟೇ ಬಂದದ್ದು. ಎಲ್ಲ ಕಥೆಗಳೂ ಹೀಗೆಯೇ. ಜರ್ಮನ್‌ನಲ್ಲಿ ಜೆಲಿಗ್ ಸಭ್ಯ, ಯಿಡ್ಡಿಷ್‌ನಲ್ಲಿ ಅವನಿಗೆ ಬಾಯಿದೆ. ಒಂದು ಅರ್ಧ ಮಾತ್ರ ಅಚ್ಚು ಹಾಕಿದರೆ ನನ್ನ ಅಜ್ಜ ಜೀವಮಾನವೆಲ್ಲ 'ಹೌದು ಸ್ವಾಮಿ' ಎಂದ ಮನುಷ್ಯನಾಗುತ್ತಾರೆ."

ಸಾಹೇಬರು ಮಾತ್ರೆ ಚೀಪುತ್ತ ಇನ್ನೊಂದು ಉಪಾಯ ಹೂಡಿದರು: ಯಿಡ್ಡಿಷ್ ಎನ್ನುವ ಕಡೆಯಲ್ಲೆಲ್ಲ 'ಹಳೆಯ ಜರ್ಮನ್' ಎಂದು ಬರೆದುಬಿಡುವುದು.

"ಗಣತಿಯವನೂ ಹಾಗೆಯೇ ಬರೆದುಕೊಂಡ," ಎಂದರು ಎಲ್ಸಾ. ಸಿಡಿ ವಾಪಸು ಕೊಡಿ ಎಂದು ಎದ್ದು ನಿಂತರು.

ಸರಿಯಾಗಿ ಆ ಹೊತ್ತಿಗೆ ಪ್ರೆಸ್ಸಿನ ಮಾಲೀಕರು ಒಳಗೆ ಬಂದರು. ಸಾಲಿಂ ಎಂದು ಅವರ ಹೆಸರು. ನಾವೆಲ್ಲ ಅರ್ಬಾಬ್, ಅಂದರೆ ಧಣಿ, ಎನ್ನುತ್ತಿದ್ದೆವು. ಬಿಳಿಯ ನಿಲುವಂಗಿ, ಕಸೂತಿಯ ಟೋಪಿ, ಸದಾ ಒಂದು ಏಲಕ್ಕಿ ಬಾಯಲ್ಲಿ. ಟೋಪಿ ಹಾಕಿಕೊಂಡು ನಿಂತ ಮುದುಕಿ, ಬೆವರುತ್ತಿರುವ ಮ್ಯಾನೇಜರ್, ಮೆಷಿನ್ ಬಿಟ್ಟು ಬಂದ ಜಗನ್ನಾಥ ಇವರನ್ನೆಲ್ಲ ನೋಡಿ, "ಯಾರು ಸತ್ತರು?" ಎಂದರು.

"ಇನ್ನೂ ಇಲ್ಲ," ಎಂದರು ಕುರಿಯನ್ ಸಾಹೇಬರು.

ಎಲ್ಸಾ ಎಲ್ಲ ಹೇಳಿದರು. ಹಸುವಿನ ಕಥೆಯನ್ನೂ ಹೇಳಿದರು. ಅರ್ಬಾಬ್ ಕಿಟಕಿಯ ಕಡೆ ಮುಖ ಮಾಡಿ ಕೇಳುತ್ತಿದ್ದರು. ಕಥೆ ಮುಗಿಯಿತು. ಅವರ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾರೆಂದು ಸಾಹೇಬರು ಓಡಿಹೋಗಿ ನೀರು ತಂದರು. ಅರ್ಬಾಬ್ ತಿರುಗಿದಾಗ ಏಲಕ್ಕಿ ನುಂಗಿ ಕೆಮ್ಮು ಬರುವಷ್ಟು ನಗುತ್ತಿದ್ದರು.

"ನಾನು ಹುಟ್ಟಿದ್ದು ಆಫ್ರಿಕಾದ ಜಂಜಿಬಾರ್‌ನಲ್ಲಿ," ಎಂದರು. "ಒಂದು ಕಾಲದಲ್ಲಿ ಅದೂ ಒಮಾನಿನ ಸುಲ್ತಾನರದೇ. ಅಲ್ಲಿ ಗಲಾಟೆಯಾದಾಗ ನೀವು ಅರಬ್ಬರು, ಹೋಗಿ ಎಂದರು. ಬಂದೆವು. ಇಲ್ಲಿ ಬಂದಿಳಿದ ದಿನ ನಾನು ಅರಬ್ಬಿಯಲ್ಲಿ ಬಾಯಿಬಿಟ್ಟೆ. ಟ್ಯಾಕ್ಸಿಯವನು ನಕ್ಕು, 'ಓ, ಜಂಜಿಬಾರಿ! ಯಾವಾಗ ಬಂದಿರಿ?' ಎಂದ. ಇವತ್ತಿಗೂ ಕೇಳುತ್ತಾರೆ. ನಮ್ಮ ತಾಯಿ ಇಲ್ಲೇ ಸೀಬ್‌ನಲ್ಲಿ ಕೋಳಿ ಸಾಕಿದ್ದಳು. ಅವುಗಳನ್ನು ಬೈಯುವುದು ಸ್ವಾಹಿಲಿಯಲ್ಲಿ. ಅಮ್ಮಾ, ಇವು ಒಮಾನಿ ಕೋಳಿ, ಅರಬ್ಬಿಯಲ್ಲಿ ಬೈಯಿ ಎಂದರೆ, 'ಅರಬ್ಬಿಯಲ್ಲಿ ನಾನು ಪ್ರಾರ್ಥನೆ ಮಾಡುತ್ತೇನೆ, ಕೋಳಿಗೆ ಯಾಕೆ ಅಷ್ಟು ಮರ್ಯಾದೆ?' ಎನ್ನುತ್ತಿದ್ದಳು."

"ಕೋಳಿಗಳು ಏನು ಮಾಡಿದವು?" ಎಂದು ಎಲ್ಸಾ ಕೇಳಿದರು.

"ಸ್ವಾಹಿಲಿ ಕಲಿತವು."

ಆ ಇಬ್ಬರೂ ಸೇರಿ ನಕ್ಕ ನಗುವಿಗೆ ಪಕ್ಕದ ಗ್ಯಾರೇಜಿನವನು ಬಾಗಿಲಲ್ಲಿ ಬಂದು ನಿಂತ. ಅರ್ಬಾಬ್ ಪುಟಗಳನ್ನು ಕಂಕುಳಲ್ಲಿಟ್ಟುಕೊಂಡು, ಫತ್ಹಿ ಅವರನ್ನು ಕರೆದುಕೊಂಡು, ತಾವೇ ಅನುಮತಿಗೆ ಹೋದರು. ಸಾಹೇಬರು ಅಂದು ಊಟ ಮಾಡಲಿಲ್ಲ. ಒಂದೆರಡು ಸಲ ತಮ್ಮ ಪಾಸ್‌ಪೋರ್ಟ್ ತೆಗೆದು ಫೋಟೊ ನೋಡಿಕೊಂಡರು.

ಮಧ್ಯಾಹ್ನ ಅರ್ಬಾಬ್ ಬಂದರು. "ಖಲಾಸ್. ಆಯಿತು."

"ಏನು ಕೇಳಿದರು, ಅರ್ಬಾಬ್?" ಎಂದು ಸಾಹೇಬರು ಪಿಸುಗುಟ್ಟಿದರು.

"ಈ ಭಾಷೆಯಲ್ಲಿ ಏನಿದೆ ಎಂದರು. ಫತ್ಹಿ ಹಸುವಿನ ಕಥೆ ಹೇಳಿದ. ಅಲ್ಲಿದ್ದವರು ದಕ್ಷಿಣದ ಧೋಫಾರ್ ಬೆಟ್ಟದ ಕಡೆಯವರು. ಅವರ ತಾಯಿಯ ಭಾಷೆಗೆ ಲಿಪಿಯೇ ಇಲ್ಲವಂತೆ. ಒಂಟೆಯ ಜೊತೆ ಬೇರೆ ಯಾವ ಭಾಷೆಯೂ ನಡೆಯುವುದಿಲ್ಲವಂತೆ. ಒಂಟೆಯ ವಿಷಯ ಮುಗಿಯಲು ತಡವಾಯಿತು, ಪುಸ್ತಕದ್ದು ಬೇಗ ಆಯಿತು. ಯಲ್ಲಾ, ಮೆಷಿನ್ ಹಾಕಿ."

ಮೇಲಿನವರ ಬಗ್ಗೆ ಹೊಸಬರು ತಿಳಿಯಬೇಕಾದದ್ದು ಇಷ್ಟು: ಅರ್ಧದಷ್ಟು ಅಪಾಯವನ್ನು ಮ್ಯಾನೇಜರುಗಳೇ ತಯಾರಿಸುತ್ತಾರೆ. ಆದರೂ ಅವರನ್ನು ದ್ವೇಷಿಸಬೇಡಿ, ಅವರ ಹೊಟ್ಟೆ ನಿಜವಾಗಿಯೂ ಉರಿಯುತ್ತಿರುತ್ತದೆ.

ಪುಸ್ತಕ ಚೆನ್ನಾಗಿ ಬಂತು. ಎಲ್ಸಾ ತಮ್ಮ ಮನೆಯಲ್ಲಿ ಒಂದು ಸಣ್ಣ ಕೂಟ ಇಟ್ಟುಕೊಂಡು ನಮ್ಮನ್ನೂ ಕರೆದರು. ಅಜ್ಜನ ಆ ಸೀಮೆಯ ಕಡೆಯಿಂದ ಮಸ್ಕತ್ತಿಗೆ ಬಂದಿದ್ದ ಮೂವರು ಅತಿಥಿಗಳೂ ಇದ್ದರು: ಆಸ್ಟ್ರಿಯಾದ ಒಬ್ಬ ಹೋಟೆಲ್ ಮ್ಯಾನೇಜರ್, ರುಮೇನಿಯಾದ ಡಾಕ್ಟರಮ್ಮ, ಉಕ್ರೇನಿನ ಈಜು ಮಾಸ್ತರ್. ಸೂಪು ಮುಗಿಯುವ ಮೊದಲೇ ಜಗಳ ಶುರುವಾಯಿತು.

"ಜರ್ಮನ್‌ನಲ್ಲಿ ಬರೆದಿದ್ದಾರೆ, ಚಕ್ರವರ್ತಿಯ ಪ್ರಜೆ. ಅವರು ನಮ್ಮ ಲೇಖಕರು," ಎಂದ ಹೋಟೆಲಿನವನು.

"ಆಮೇಲೆ ಆ ಊರು ರುಮೇನಿಯಾಕ್ಕೆ ಸೇರಿತು. ಅವರು ತೀರಿಕೊಂಡದ್ದು ನಮ್ಮ ದೇಶದಲ್ಲಿ," ಎಂದರು ಡಾಕ್ಟರಮ್ಮ.

"ಊರು ಈಗ ಇರುವುದು ಉಕ್ರೇನಿನಲ್ಲಿ. ಬೇಕಾದರೆ ಹೋಗಿ ನೋಡಿ," ಎಂದ ಈಜು ಮಾಸ್ತರ್.

ಎಲ್ಸಾ ಆ ಜಗಳವನ್ನು ತಡೆಯಲಿಲ್ಲ. ಪುಸ್ತಕ ತೆಗೆದು, ಬಲಗಡೆಯಿಂದ ತೆರೆದು, ಒಂದು ಕಥೆ ಓದಿ ಇಂಗ್ಲಿಷಿನಲ್ಲಿ ಹೇಳಿದರು. ಮೂರು ಸಂಘದವರೂ ಮೆರವಣಿಗೆಗೆಂದು ಜೆಲಿಗ್‌ನಿಂದ ಬಾವುಟ ಹೊಲಿಸುತ್ತಾರೆ. ಅವನ ಹೆಂಡತಿ ಗೊತ್ತಾಗದೆ ಕಟ್ಟುಗಳನ್ನು ಅದಲುಬದಲು ಮಾಡಿ ಕೊಡುತ್ತಾಳೆ. ಗಾಳಿಯಿಲ್ಲದ ದಿನ, ಬಾವುಟಗಳು ಕೋಲಿಗೆ ಅಂಟಿಕೊಂಡಿವೆ. ಮೂರು ಮೆರವಣಿಗೆಗಳೂ ಊರು ಸುತ್ತಿ, ಒಬ್ಬರ ಬಾವುಟಕ್ಕೆ ಇನ್ನೊಬ್ಬರು ಪ್ರಾಣ ಕೊಡುವುದಾಗಿ ಪ್ರಮಾಣ ಮಾಡಿ, ಬಾಯಾರಿ ಮನೆಗೆ ಹೋಗುತ್ತವೆ. ಗೊತ್ತಿದ್ದದ್ದು ಜೆಲಿಗ್ ಒಬ್ಬನಿಗೇ. ಅವನು ಹೇಳಲಿಲ್ಲ, ಏಕೆಂದರೆ ಯಾವ ಸಂಘವೂ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿರಲಿಲ್ಲ.

ಮೂವರೂ ಹೊಟ್ಟೆ ಹಿಡಿದು ನಕ್ಕರು. ಪ್ರತಿಯೊಬ್ಬರೂ ಉಳಿದಿಬ್ಬರ ಕಡೆ ಕೈ ತೋರಿಸಿ ನಕ್ಕರು.

ಕಾಫಿ ಸುರಿಯುತ್ತ ಎಲ್ಸಾ ನನಗೆ ಮಾತ್ರ ಕೇಳುವಂತೆ ಹೇಳಿದರು: "ಅಜ್ಜ ಎರಡನೆಯ ಮಹಾಯುದ್ಧಕ್ಕೆ ಮೊದಲೇ, ತಮ್ಮ ಹಾಸಿಗೆಯಲ್ಲೇ ತೀರಿಕೊಂಡರು. ಅವರ ಓದುಗರಿಗೆ ಆ ಭಾಗ್ಯ ಇರಲಿಲ್ಲ. ಓದುವವರು ಯಾರಿದ್ದಾರೆ ಎಂದು ನಿಮ್ಮ ಮ್ಯಾನೇಜರ್ ಕೇಳಿದ್ದು ನ್ಯಾಯವಾದ ಪ್ರಶ್ನೆ." ನಾನು ಸಕ್ಕರೆ ಡಬ್ಬಿಯನ್ನು ಅವರ ಕಡೆ ಸರಿಸಿದೆ. ಅವರು ಎರಡು ಚಮಚ ಹಾಕಿಕೊಂಡರು.

ಮಗನ ಕೆಲಸ ಮುಗಿದು ಎಲ್ಸಾ ವಿಯೆನ್ನಾಕ್ಕೆ ಹೊರಟುಹೋದರು. ನಾವು ಮತ್ತೆ ಮದುವೆ ಕಾರ್ಡುಗಳಿಗೆ, ರುಸೈಲ್ ಕಾರ್ಖಾನೆಗಳ ಬಿಸ್ಕತ್ತು ಡಬ್ಬಿಗಳಿಗೆ ಮರಳಿದೆವು.

ಆ ಚಳಿಗಾಲದಲ್ಲಿ, ಮತ್ರಾ ಬಂದರಿಗೆ ಪ್ರವಾಸಿ ಹಡಗು ಬಂದಿದ್ದ ಒಂದು ದಿನ, ಟ್ಯಾಕ್ಸಿಯಿಂದ ಒಬ್ಬ ಮುದುಕರು ಇಳಿದರು. ಅರ್ಧ ಚಡ್ಡಿ, ಉದ್ದ ಕಾಲುಚೀಲ, ಬಿಸಿಲಿಗೆ ಕೆಂಪಾದ ಮೂಗು. ಅರ್ಜೆಂಟೀನಾದಲ್ಲಿ ಔಷಧ ಅಂಗಡಿ ಇಟ್ಟಿದ್ದವರಂತೆ. ಆ ಆಸ್ಟ್ರಿಯಾದವನ ಹೋಟೆಲಿನಲ್ಲಿ ಗಾಜಿನ ಕಪಾಟಿನೊಳಗೆ ಪುಸ್ತಕ ಕಂಡು, ಅವನು ಕೊಡಲೊಪ್ಪದೆ ಇದ್ದದ್ದರಿಂದ ಪ್ರೆಸ್ಸಿನ ವಿಳಾಸ ಕೇಳಿಕೊಂಡು ಬಂದಿದ್ದರು. ನನ್ನ ಬಳಿ ಉಳಿದಿದ್ದ ಒಂದು ಪ್ರತಿಯನ್ನು ಕೊಟ್ಟೆ.

ಅವರು ಅದನ್ನು ಬಲಗಡೆಯಿಂದ ತೆರೆದರು. ನಿಂತಲ್ಲೇ ಓದತೊಡಗಿದರು. ಒಂದು ಪುಟ ತಿರುವಿದರು, ಇನ್ನೊಂದು ತಿರುವಿದರು. ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕರು.

ಜಗನ್ನಾಥ ಮೆಷಿನ್ ಆರಿಸಿದ. ಫತ್ಹಿ ಎದ್ದು ಬಂದರು. ಮುದುಕರ ಭುಜದ ಹಿಂದಿನಿಂದ ನಾವು ಇಣುಕಿ ನೋಡಿದೆವು. ಅವರು ನಗುತ್ತಿದ್ದುದು ಎಲ್ಸಾ ನಮಗೆ ಹೇಳಿರದ ಕಥೆಯೊಂದಕ್ಕೆ. ನಾವೇ ಕಟ್ಟಿದ ಪುಟ, ನಾವೇ ಅಚ್ಚು ಹಾಕಿದ ಸಾಲು. ಅದರಲ್ಲಿ ಇಷ್ಟು ದೊಡ್ಡ ನಗೆ ಇತ್ತೆಂದು ನಮಗೆ ಗೊತ್ತೇ ಇರಲಿಲ್ಲ.

ಮೆಷಿನ್ ಯಾಕೆ ನಿಂತಿತು ಎಂದು ಬೈಯಲು ಕುರಿಯನ್ ಸಾಹೇಬರು ಹೊರಗೆ ಬಂದರು. ನೋಡಿದರು. ಒಳಗೆ ಹೋಗಿ ತಮ್ಮ ಸ್ವಂತ ಕುರ್ಚಿಯನ್ನು ಎತ್ತಿಕೊಂಡು ಬಂದು ಮುದುಕರ ಹಿಂದೆ ಇಟ್ಟು, ಅದರ ಮೇಲಿನ ದಿಂಬನ್ನು ತಟ್ಟಿ ಸರಿಮಾಡಿದರು. ಮುದುಕರು ಪುಸ್ತಕದಿಂದ ಕಣ್ಣೆತ್ತದೆ ಕೂತರು. ಊಟದ ಹೊತ್ತಾಯಿತು, ನಮ್ಮ ಡಬ್ಬಿಯ ಅನ್ನವನ್ನೇ ಒಂದು ಕೈಯಲ್ಲಿ ತಿನ್ನುತ್ತ, ಇನ್ನೊಂದು ಕೈಯಲ್ಲಿ ಓದಿದರು. ಅವರು ನಕ್ಕಾಗ ನಾವೂ ನಕ್ಕೆವು, ಯಾಕೆಂದು ಕೇಳಲಿಲ್ಲ.

ಕೊನೆಯ ಪುಟ ಮುಗಿಯಿತು. ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಮುದುಕರು ಕಣ್ಣೊರೆಸಿಕೊಂಡು ಎದ್ದು, ಸಾಹೇಬರ ಕೈ ಹಿಡಿದು ಕೇಳಿದರು:

"ಎರಡನೆಯ ಭಾಗ ಯಾವಾಗ?"

"ಮುಂದಿನ ವಾರ," ಎಂದುಬಿಟ್ಟರು ಕುರಿಯನ್ ಸಾಹೇಬರು. ಯಾವಾಗ ಎಂದು ಕೇಳಿದರೆ ಪ್ರೆಸ್ಸಿನವರ ಬಾಯಿಗೆ ಬೇರೆ ಉತ್ತರ ಬರುವುದಿಲ್ಲ.